ವರ್ಣಲೇಖನದ ಜನಕ ಮಿಖಾಯಿಲ್ ತ್ಸ್ವೆತ್

ಕಣದಲ್ಲಿ ರಾಶಿ ಮಾಡುವ ರೈತನು ಧಾನ್ಯವನ್ನು ಗಾಳಿಗೆ ತೂರಿ ಹೊಟ್ಟನ್ನು ಬೇರ್ಪಡಿಸುತ್ತಾನೆ. ಮನೆಯಲ್ಲಿ ಗೃಹಿಣಿಯು ಅದೇ ಧಾನ್ಯವನ್ನು ಮೊರದಲ್ಲಿ ಕೇರಿ ಕಲ್ಲುಮಣ್ಣನ್ನು ಹೊರತೆಗೆಯುತ್ತಾಳೆ. ತೂಕದ ಭೇದ, ಗಾತ್ರದ ಭೇದ, ಕಣ್ಣಿಗೆ ಕಾಣುವ ರೂಪದ ಭೇದ, ಇವುಗಳನ್ನು ಆಧರಿಸಿ ಸಾರವನ್ನು ಅಸಾರದಿಂದ ಬಿಡಿಸುವ ಈ ವಿದ್ಯೆಯು ಕೃಷಿಯಷ್ಟೇ ಪ್ರಾಚೀನವಾದುದು. ಆದರೆ ಒಂದೇ ದ್ರವದಲ್ಲಿ ಕರಗಿ, ಒಂದೇ ಬಣ್ಣವನ್ನು ತಳೆದು, ಗುಣದಲ್ಲಿಯೂ ಪರಸ್ಪರ ಹೋಲುವ ಹಲವು ಪದಾರ್ಥಗಳನ್ನು, ಅವುಗಳಲ್ಲಿ ಯಾವುದೂ ಕೆಡದಂತೆ ಒಂದೊಂದಾಗಿ ಬಿಡಿಸುವುದು ಹೇಗೆ? ಅಲ್ಲಿ ಗಾಳಿಯೂ ನೆರವಾಗದು, ಮೊರವೂ ನೆರವಾಗದು. ಈ ಕಠಿಣ ಪ್ರಶ್ನೆಗೆ ಗಾಜಿನ ಒಂದು ನಳಿಕೆ ಮತ್ತು ಒಂದು ಹಿಡಿ ಸೀಮೆಸುಣ್ಣದ ಪುಡಿಯಿಂದ ಉತ್ತರವನ್ನು ಕಂಡುಕೊಂಡ ಮಹನೀಯರು ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಸೆಮ್ಯೊನೊವಿಚ್ ತ್ಸ್ವೆತ್ ಅವರು.

ಇಂದು ಔಷಧದ ಕಾರ್ಖಾನೆಯಲ್ಲಾಗಲಿ, ಆಹಾರ ಪರೀಕ್ಷಾಲಯದಲ್ಲಾಗಲಿ, ಬಂಡೆಯನ್ನು ಸೀಳುವ ಮತ್ತು ರಾಕೆಟ್ಟನ್ನು ಏರಿಸುವ ಅಧಿಕ ಶಕ್ತಿಯ ಸಾವಯವ ಸಂಯುಕ್ತಗಳ ಶುದ್ಧಿಯನ್ನು ಅಳೆಯುವ ಪ್ರಯೋಗಾಲಯದಲ್ಲಾಗಲಿ ಅವರ ವಿಧಾನವಿಲ್ಲದೆ ಕೆಲಸ ಸಾಗದು. ಆದರೂ ತಮ್ಮ ಜೀವಿತ ಕಾಲದಲ್ಲಿ ಈ ಶೋಧಕ್ಕೆ ತಕ್ಕ ಮನ್ನಣೆಯನ್ನು ಅವರು ಕಾಣಲಿಲ್ಲ. ಶುದ್ಧವೆಂದು ತೋರುವುದೆಲ್ಲವೂ ಶುದ್ಧವಲ್ಲ ಎಂಬ ಒಂದೇ ಸತ್ಯಕ್ಕಾಗಿ ಹೋರಾಡಿ ಕಣ್ಮರೆಯಾದ ಆ ಚೇತನದ ಬಾಳು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಮನನಯೋಗ್ಯವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ತ್ಸ್ವೆತ್ ಅವರು ೧೮೭೨ರ ಮೇ ೧೪ರಂದು ಇಟಲಿಯ ಆಸ್ತಿ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಸೆಮ್ಯೊನ್ ತ್ಸ್ವೆತ್ ರಷ್ಯನ್ ಸರ್ಕಾರದ ಅಧಿಕಾರಿಗಳು; ತಾಯಿ ಇಟಲಿ ಮೂಲದವರು. ಮಗು ಜನಿಸಿದ ಸ್ವಲ್ಪ ಕಾಲದಲ್ಲಿಯೇ ತಾಯಿ ತೀರಿಕೊಂಡರು. ತಂದೆಯವರು ಕರ್ತವ್ಯದ ನಿಮಿತ್ತ ರಷ್ಯಕ್ಕೆ ಹಿಂದಿರುಗಬೇಕಾದುದರಿಂದ ಎಳೆಯ ಕೂಸನ್ನು ಸ್ವಿಟ್ಜರ್ಲೆಂಡಿನಲ್ಲಿ ದಾದಿಯೊಬ್ಬಳ ಪೋಷಣೆಗೆ ಒಪ್ಪಿಸಿದರು. ಹೀಗೆ ತಾಯಿಯ ಮಡಿಲಿನಿಂದಲೂ ತಂದೆಯ ನಾಡಿನಿಂದಲೂ ದೂರವಾಗಿ, ಲೊಸಾನ್ ಮತ್ತು ಜಿನೀವಾ ನಗರಗಳಲ್ಲಿ ಬಾಲಕನು ಬೆಳೆದನು. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ ಎಂದೇ ಅರ್ಥ. ಮುಂದೆ ಬಣ್ಣಗಳ ಮೂಲಕವೇ ಜಗತ್ತಿಗೆ ಹೊಸ ವಿದ್ಯೆಯೊಂದನ್ನು ನೀಡಲಿದ್ದವರಿಗೆ ಹುಟ್ಟಿನಿಂದಲೇ ಆ ಹೆಸರು ಬಂದಿತ್ತೆಂಬುದು ಒಂದು ಸೋಜಿಗ.

೧೮೯೧ರಲ್ಲಿ ಜಿನೀವಾ ವಿಶ್ವವಿದ್ಯಾನಿಲಯವನ್ನು ಸೇರಿದ ತ್ಸ್ವೆತ್, ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ಸಸ್ಯವಿಜ್ಞಾನಗಳಲ್ಲಿ ಪರಿಶ್ರಮ ಗಳಿಸಿ, ಸಸ್ಯಕೋಶಗಳನ್ನು ಕುರಿತ ಪ್ರಬಂಧಕ್ಕಾಗಿ ೧೮೯೬ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಅದೇ ವರ್ಷ ತಂದೆಯ ನಾಡಾದ ರಷ್ಯಕ್ಕೆ ತೆರಳಿದರು. ಅಲ್ಲಿ ಅವರನ್ನು ಎದುರುಗೊಂಡುದು ಒಂದು ವಿಚಿತ್ರ ಅಡ್ಡಿ. ಪರದೇಶದ ಪದವಿಗೆ ರಷ್ಯದ ವಿಶ್ವವಿದ್ಯಾನಿಲಯಗಳು ಮಾನ್ಯತೆಯನ್ನು ಕೊಡುತ್ತಿರಲಿಲ್ಲ. ಡಾಕ್ಟರೇಟ್ ಪಡೆದ ವಿದ್ವಾಂಸರು ಮತ್ತೊಮ್ಮೆ ವಿದ್ಯಾರ್ಥಿಯಂತೆ ಪರೀಕ್ಷೆಗೆ ಕೂರಬೇಕಾಯಿತು. ಸೇಂಟ್ ಪೀಟರ್ಸ್‌ಬರ್ಗಿನ ಪ್ರಯೋಗಾಲಯದಲ್ಲಿ ದುಡಿಯುತ್ತ, ಬೋಧನೆಯಿಂದ ಜೀವನ ಸಾಗಿಸುತ್ತ, ೧೯೦೧ರಲ್ಲಿ ಕಜಾನ್ ವಿಶ್ವವಿದ್ಯಾನಿಲಯದಿಂದ ಮಾಜಿಸ್ತರ್ ಪದವಿಯನ್ನು ಅವರು ಸಂಪಾದಿಸಿಕೊಂಡರು. ಅನಂತರ ಅಂದು ರಷ್ಯದ ಆಳ್ವಿಕೆಯಲ್ಲಿದ್ದ ವಾರ್ಸಾ ನಗರದ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಸಹಾಯಕರ ಹುದ್ದೆ ದೊರೆಯಿತು. ಅಲ್ಲಿ ಅವರ ಹಿರಿಯರಾಗಿದ್ದವರು ತಂಬಾಕಿನ ಎಲೆರೋಗದ ಅಧ್ಯಯನದಿಂದ ವೈರಾಣುಗಳ ಅರಿವಿಗೆ ನಾಂದಿ ಹಾಡಿದ ದ್ಮಿತ್ರಿ ಇವನೋವ್‌ಸ್ಕಿ ಅವರು.

ನಳಿಕೆಯಲ್ಲಿ ಮೂಡಿದ ವರ್ಣಪಟ್ಟಿಗಳು

ಎಲೆಯ ಹಸುರು ಬಣ್ಣಕ್ಕೆ ಕಾರಣವಾದ ಪತ್ರಹರಿತ್ತು ಸೂರ್ಯನ ಬೆಳಕನ್ನು ಹಿಡಿದು ಸಸ್ಯಕ್ಕೆ ಆಹಾರವನ್ನು ಕಟ್ಟಿಕೊಡುವ ದ್ರವ್ಯ. ಅದು ಒಂದೇ ಪದಾರ್ಥವೋ ಹಲವೋ ಎಂಬುದು ಅಂದಿನ ವಿಜ್ಞಾನಿಗಳ ಮುಂದಿದ್ದ ದೊಡ್ಡ ಪ್ರಶ್ನೆ. ಅದನ್ನು ಬಿಡಿಸಲೆಂದು ಆಮ್ಲ, ಕ್ಷಾರಗಳನ್ನು ಬಳಸಿದರೆ ಆ ಸೂಕ್ಷ್ಮ ದ್ರವ್ಯ ತಾನೇ ಮಾರ್ಪಟ್ಟುಬಿಡುತ್ತಿತ್ತು. ಪರೀಕ್ಷಿಸಬೇಕಾದ ವಸ್ತುವನ್ನು ಪರೀಕ್ಷೆಯೇ ಕೆಡಿಸಿದರೆ ಸತ್ಯ ಸಿಕ್ಕುವುದೆಂತು?

ತ್ಸ್ವೆತ್ ಅವರು ಬೇರೊಂದು ದಾರಿಯನ್ನು ಹಿಡಿದರು. ಕರಗಿದ ಪದಾರ್ಥವು ನುಣುಪಾದ ಪುಡಿಯ ಮೇಲ್ಮೈಗೆ ಅಂಟಿಕೊಳ್ಳುವ ಗುಣಕ್ಕೆ ಅಧಿಶೋಷಣೆ ಎಂದು ಹೆಸರು. ಈ ಅಂಟು ಎಲ್ಲ ಪದಾರ್ಥಗಳಿಗೂ ಸಮನಾಗಿರುವುದಿಲ್ಲ. ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ತಾಳ್ಮೆಯಿಂದ ಪರೀಕ್ಷಿಸಿದ ಅವರು, ೧೯೦೩ರ ಮಾರ್ಚ್ ತಿಂಗಳಿನಲ್ಲಿ ವಾರ್ಸಾದ ನಿಸರ್ಗ ವಿಜ್ಞಾನಿಗಳ ಸಂಘದ ಸಭೆಯಲ್ಲಿ ತಮ್ಮ ಫಲಿತಾಂಶವನ್ನು ಮಂಡಿಸಿದರು. ಈ ವಿಧಾನದಲ್ಲಿ ಕಿರಿದಾದ ಗಾಜಿನ ನಳಿಕೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ಒತ್ತಾಗಿ ತುಂಬಿ, ಎಲೆಯ ಬಣ್ಣದ ದ್ರಾವಣವನ್ನು ಮೇಲಿನಿಂದ ಸುರಿದು, ಅನಂತರ ಶುದ್ಧ ದ್ರಾವಕವನ್ನು ಸತತವಾಗಿ ಹರಿಸುವುದು. ಆಗ ನಳಿಕೆಯಲ್ಲಿ ಒಂದರ ಕೆಳಗೊಂದು ಬಣ್ಣದ ಪಟ್ಟಿಗಳು ಮೂಡುವುವು. ಮೇಲುಗಡೆ ಹಳದಿಮಿಶ್ರಿತ ಹಸುರು, ಅದರ ಕೆಳಗೆ ನೀಲಿಮಿಶ್ರಿತ ಹಸುರು, ಮತ್ತೂ ಕೆಳಗೆ ಹಳದಿಯ ಪಟ್ಟಿಗಳು. ಕ್ಯಾರೊಟೀನ್ ಎಂಬ ಹಳದಿ ದ್ರವ್ಯವಂತೂ ಎಲ್ಲಿಯೂ ನಿಲ್ಲದೆ ಎಲ್ಲಕ್ಕಿಂತ ಮೊದಲು ಹೊರಬೀಳುವುದು. ಒಂದೆಂದು ಭಾವಿಸಿದ್ದ ಹಸುರು ಎರಡಾಗಿತ್ತು. ಅದರೊಡನೆ ಹಳದಿಯ ಒಂದು ಕುಟುಂಬವೇ ಅಡಗಿತ್ತು.

ಇದರ ಮರ್ಮವನ್ನು ಜಾತ್ರೆಯ ಬೀದಿಯ ಉಪಮಾನದಿಂದ ತಿಳಿಯಬಹುದು. ಬೀದಿಯ ಒಂದು ತುದಿಯಿಂದ ನೂರು ಜನ ಒಟ್ಟಿಗೆ ಹೊರಟರೆನ್ನೋಣ. ಪ್ರತಿ ಅಂಗಡಿಯ ಮುಂದೆಯೂ ನಿಂತು ನೋಡುವವರು ಹಿಂದೆ ಬೀಳುತ್ತಾರೆ. ಅಂಗಡಿಗಳ ಗೊಡವೆಯೇ ಇಲ್ಲದವರು ನೇರವಾಗಿ ನಡೆದು ಮೊದಲು ಮುಟ್ಟುತ್ತಾರೆ. ಬೀದಿ ಉದ್ದವಾದಷ್ಟೂ ಗುಂಪುಗಳ ನಡುವಣ ಅಂತರ ಹೆಚ್ಚುತ್ತದೆ. ನಳಿಕೆಯೇ ಬೀದಿ, ಸುಣ್ಣದ ಕಣಗಳೇ ಅಂಗಡಿಗಳು, ದ್ರಾವಕವೇ ಮುಂದೊತ್ತುವ ಜನಪ್ರವಾಹ. ಯಾರನ್ನೂ ಬಲಾತ್ಕರಿಸದೆ, ಯಾವುದನ್ನೂ ಕೆಡಿಸದೆ, ಅವರವರ ಸ್ವಭಾವಕ್ಕೆ ಅನುಸಾರವಾಗಿ ಬೇರ್ಪಡಿಸುವುದೇ ಈ ವಿಧಾನದ ಹಿರಿಮೆ.

ರಷ್ಯನ್ ಭಾಷೆಯಲ್ಲಿ ಪ್ರಕಟವಾದ ಆ ಮೊದಲ ಲೇಖನವು ಹೊರಗಿನವರ ಗಮನಕ್ಕೆ ಬರಲಿಲ್ಲ. ೧೯೦೬ರಲ್ಲಿ ಜರ್ಮನ್ ಸಸ್ಯವಿಜ್ಞಾನ ಸಂಘದ ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಪ್ರಕಟಿಸಿ, ತಮ್ಮ ವಿಧಾನಕ್ಕೆ ಕ್ರೊಮಟಾಗ್ರಫಿ, ಎಂದರೆ ವರ್ಣಲೇಖನ, ಎಂದು ತ್ಸ್ವೆತ್ ನಾಮಕರಣ ಮಾಡಿದರು. ಬಣ್ಣವುಳ್ಳ ಪದಾರ್ಥಗಳಷ್ಟೇ ಅಲ್ಲ, ಬಣ್ಣವಿಲ್ಲದವೂ ಇದೇ ನಿಯಮಕ್ಕೆ ಒಳಪಡುತ್ತವೆಂದು ಅಂದೇ ಅವರು ಸೂಚಿಸಿದ್ದರೆಂಬುದು ಅವರ ದೂರದೃಷ್ಟಿಗೆ ಸಾಕ್ಷಿ. ೧೯೦೭ರಲ್ಲಿ ಅದೇ ಸಂಘದ ಸಭೆಯಲ್ಲಿ ವರ್ಣಪಟ್ಟಿಗಳು ಮೂಡಿದ ನಳಿಕೆಗಳನ್ನು ವಿದ್ವಾಂಸರ ಕಣ್ಣಮುಂದೆಯೇ ಇರಿಸಿದರು. ೧೯೧೦ರಲ್ಲಿ ಸಸ್ಯ ಮತ್ತು ಪ್ರಾಣಿಲೋಕದ ವರ್ಣದ್ರವ್ಯಗಳನ್ನು ಕುರಿತ ಅವರ ಬೃಹದ್ಗ್ರಂಥವು ರಷ್ಯನ್ ಭಾಷೆಯಲ್ಲಿ ಪ್ರಕಟವಾಯಿತು. ಮರುವರ್ಷ ರಷ್ಯದ ವಿಜ್ಞಾನ ಅಕಾಡೆಮಿ ಅದಕ್ಕೆ ಬಹುಮಾನವಿತ್ತು ಗೌರವಿಸಿತು.

ಹರಳಿನ ವಿವಾದ

ಅಂದಿನ ರಸಾಯನವಿಜ್ಞಾನಿಗಳ ದೃಷ್ಟಿಯಲ್ಲಿ ಶುದ್ಧತೆಯ ಗುರುತು ಹರಳು. ಪದಾರ್ಥವು ಹರಳುಗಟ್ಟಿದರೆ ಅದು ಶುದ್ಧ; ನಳಿಕೆಯ ಬಣ್ಣದ ಪಟ್ಟಿ ಅವರಿಗೆ ಪ್ರಮಾಣವಾಗಿ ತೋರಲಿಲ್ಲ. ಪತ್ರಹರಿತ್ತಿನ ಸಂಶೋಧನೆಯಲ್ಲಿ ಅಗ್ರಗಣ್ಯರಾಗಿದ್ದ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಅವರು ಎಲೆಯಿಂದ ಪಡೆದ ಹರಳುಗಳನ್ನು ಸಹಜವಾದ ಪತ್ರಹರಿತ್ತೆಂದು ಪರಿಗಣಿಸಿದ್ದರು. ಆ ಹರಳುಗಳು ಆಲ್ಕೊಹಾಲಿನಲ್ಲಿ ನೆನೆಸಿದಾಗ ಹುಟ್ಟುವ ಮಾರ್ಪಾಟೇ ಹೊರತು ಎಲೆಯಲ್ಲಿರುವ ಮೂಲದ್ರವ್ಯವಲ್ಲವೆಂದು ತ್ಸ್ವೆತ್ ವಾದಿಸಿದರು. ಎಲೆಯಲ್ಲಿರುವ ಒಂದು ಕಿಣ್ವವು ಆಲ್ಕೊಹಾಲಿನೊಡನೆ ಸೇರಿ ಆ ಮಾರ್ಪಾಟನ್ನು ಉಂಟುಮಾಡುತ್ತದೆಂದು ಮುಂದೆ ವಿಲ್‌ಸ್ಟೇಟರ್ ಅವರ ಸಂಶೋಧನೆಯಿಂದಲೇ ಖಚಿತವಾಯಿತು. ಆದರೂ ನಳಿಕೆಯಲ್ಲಿ ವರ್ಣದ್ರವ್ಯಗಳು ಕೆಡುತ್ತವೆಂಬ ಸಂದೇಹವನ್ನು ಅವರ ಬಳಗವು ಬಿಡಲಿಲ್ಲ. ನಳಿಕೆಯಿಂದ ಕೈಗೆ ಬರುವ ಪದಾರ್ಥದ ಮೊತ್ತವೂ ಅತ್ಯಲ್ಪವಾಗಿದ್ದುದರಿಂದ ದೊಡ್ಡ ಪ್ರಮಾಣದಲ್ಲಿ ದುಡಿಯುವವರಿಗೆ ಅದು ನಿರುಪಯುಕ್ತವೆನಿಸಿತು. ವಿಲ್‌ಸ್ಟೇಟರ್ ಅವರು ಮಹಾಮೇಧಾವಿಗಳು. ೧೯೧೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಅಂತಹವರ ಸಂದೇಹವು ಇತರರಿಗೆ ತೀರ್ಪಿನಂತೆಯೇ ಆಯಿತು. ಸಸ್ಯವಿಜ್ಞಾನಿಗಳು ತ್ಸ್ವೆತ್ ಅವರನ್ನು ರಸಾಯನವಿಜ್ಞಾನಿಯೆಂದರು, ರಸಾಯನವಿಜ್ಞಾನಿಗಳು ಸಸ್ಯವಿಜ್ಞಾನಿಯೆಂದರು. ಎರಡು ಮನೆಯ ನೆಂಟನು ಉಪವಾಸವಿರುವಂತಾಯಿತು ಅವರ ಪಾಡು.

ಅಂತಿಮ ದಿನಗಳು

೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ೧೯೧೫ರಲ್ಲಿ ಜರ್ಮನ್ ಸೇನೆಯು ವಾರ್ಸಾವನ್ನು ಆಕ್ರಮಿಸಿದಾಗ, ತ್ಸ್ವೆತ್ ಅವರು ಬೋಧಿಸುತ್ತಿದ್ದ ಪಾಲಿಟೆಕ್ನಿಕ್ ಸಂಸ್ಥೆಯು ಮೊದಲು ಮಾಸ್ಕೋಗೂ ಅನಂತರ ನಿಜ್ನಿ ನೊವ್‌ಗೊರೊಡ್‌ಗೂ ಸ್ಥಳಾಂತರಗೊಂಡಿತು. ಪ್ರಯೋಗಾಲಯ, ಪುಸ್ತಕ, ಮನೆ ಎಲ್ಲವೂ ಹಿಂದೆ ಉಳಿದವು. ೧೯೧೭ರಲ್ಲಿ ತಾರ್ತು ವಿಶ್ವವಿದ್ಯಾನಿಲಯದಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕ ಪದವಿಯೂ ಸಸ್ಯೋದ್ಯಾನದ ನಿರ್ದೇಶಕ ಪದವಿಯೂ ಅವರಿಗೆ ಲಭಿಸಿದವು. ಬಹುಕಾಲದ ಹಂಬಲವು ಕೈಗೂಡಿತೆನ್ನುವಷ್ಟರಲ್ಲಿ, ೧೯೧೮ರಲ್ಲಿ ಆ ನಗರವೂ ಜರ್ಮನ್ನರ ವಶವಾಯಿತು. ರಷ್ಯನ್ ಅಧ್ಯಾಪಕರೊಡನೆ ಅವರು ವೊರೊನೆಷ್ ನಗರಕ್ಕೆ ತೆರಳಿದರು. ಅದೇ ವರ್ಷ ಅವರ ಹೆಸರು ನೊಬೆಲ್ ಪಾರಿತೋಷಕಕ್ಕೆ ಸೂಚಿತವಾಗಿತ್ತಾದರೂ ಪಾರಿತೋಷಕ ಅವರಿಗೆ ಬರಲಿಲ್ಲ. ಕ್ರಾಂತಿ, ಅಂತರ್ಯುದ್ಧ, ಅಭಾವಗಳ ನಡುವೆ ದೀರ್ಘಕಾಲದ ಅನಾರೋಗ್ಯದಿಂದ ಜರ್ಜರಿತರಾಗಿದ್ದ ತ್ಸ್ವೆತ್ ಅವರು ೧೯೧೯ರ ಜೂನ್ ೨೬ರಂದು ನಿಧನರಾದರು. ಆಗ ಅವರಿಗೆ ಕೇವಲ ೪೭ ವರ್ಷ ವಯಸ್ಸು.

ಮರುಹುಟ್ಟು

ಅವರು ಕಾಲವಾದ ಹನ್ನೆರಡು ವರ್ಷಗಳ ತರುವಾಯ, ಅವರ ವಿಧಾನವನ್ನು ಕಡೆಗಣಿಸಿದ್ದ ಪರಂಪರೆಯಿಂದಲೇ ಅದರ ಉದ್ಧಾರವಾಯಿತು. ೧೯೩೧ರಲ್ಲಿ ಹೈಡೆಲ್‌ಬರ್ಗ್ ನಗರದಲ್ಲಿ ವಿಲ್‌ಸ್ಟೇಟರ್ ಅವರ ಶಿಷ್ಯರಾದ ರಿಚರ್ಡ್ ಕೂನ್ ಅವರ ಪ್ರಯೋಗಾಲಯದಲ್ಲಿ ಎಡ್ಗರ್ ಲೆಡರರ್ ಎಂಬ ತರುಣರು ಕ್ಯಾರೊಟೀನ್ ವರ್ಗದ ದ್ರವ್ಯಗಳನ್ನು ಬೇರ್ಪಡಿಸಲು ಶ್ರಮಿಸುತ್ತಿದ್ದರು. ವಿಲ್‌ಸ್ಟೇಟರ್ ಅವರು ತಮ್ಮ ಬಳಕೆಗೆಂದು ಮಾಡಿಸಿಕೊಂಡಿದ್ದ ತ್ಸ್ವೆತ್ ಗ್ರಂಥದ ಜರ್ಮನ್ ಅನುವಾದವು ಲೆಡರರ್ ಅವರ ಕೈಸೇರಿತು. ಅದರಲ್ಲಿ ಹೇಳಿದಂತೆಯೇ ನಳಿಕೆಯನ್ನು ತುಂಬಿ ದ್ರಾವಕವನ್ನು ಹರಿಸಿದಾಗ, ಒಂದೇ ಎಂದು ನಂಬಿದ್ದ ಕ್ಯಾರೊಟೀನ್ ಎರಡಾಗಿ ಬೇರ್ಪಟ್ಟಿತು. ಹರಳನ್ನೇ ಪ್ರಮಾಣವೆಂದವರು ನಳಿಕೆಗೆ ತಲೆಬಾಗಿದರು. ಮುಂದೆ ಆರ್ಚರ್ ಮಾರ್ಟಿನ್ ಮತ್ತು ರಿಚರ್ಡ್ ಸಿಂಜ್ ಅವರು ೧೯೪೧ರಲ್ಲಿ ಇದೇ ತತ್ತ್ವವನ್ನು ಎರಡು ದ್ರವಗಳ ನಡುವಣ ಹಂಚಿಕೆಗೆ ವಿಸ್ತರಿಸಿ, ೧೯೫೨ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಕಾಗದದ ಮೇಲೆ, ಗಾಜಿನ ಹಲಗೆಗೆ ಬಳಿದ ತೆಳುಪದರದ ಮೇಲೆ, ಅನಿಲದ ಪ್ರವಾಹದಲ್ಲಿ, ಕೊನೆಗೆ ಅಧಿಕ ಒತ್ತಡದಲ್ಲಿ ಹರಿಸುವ ದ್ರವದಲ್ಲಿ, ಹೀಗೆ ವರ್ಣಲೇಖನದ ಶಾಖೆಗಳು ಹಬ್ಬಿದವು.

ಸ್ಫೋಟಕಗಳ ಶುದ್ಧಿಪರೀಕ್ಷೆ

ಈ ವಿದ್ಯೆಯ ಮಹತ್ತ್ವವು ಪ್ರಾಣದ ಪ್ರಶ್ನೆಯಾಗಿ ನಿಲ್ಲುವುದು ಅಧಿಕ ಶಕ್ತಿಯ ಸಾವಯವ ಸಂಯುಕ್ತಗಳಲ್ಲಿ. ತ್ಸ್ವೆತ್ ಜನಿಸಿದ ಆಸ್ತಿ ಪಟ್ಟಣಕ್ಕೆ ಸಮೀಪದ ಟ್ಯೂರಿನ್ ನಗರದಲ್ಲಿಯೇ ೧೮೪೭ರಲ್ಲಿ ಅಸ್ಕಾನಿಯೊ ಸೊಬ್ರೆರೊ ಅವರು ನೈಟ್ರೊಗ್ಲಿಸರಿನ್ ಎಂಬ ಭಯಂಕರ ಸ್ಫೋಟಕವನ್ನು ಮೊದಲು ತಯಾರಿಸಿದ್ದರು. ಅದನ್ನು ಪಳಗಿಸಿ ಆಲ್ಫ್ರೆಡ್ ನೊಬೆಲ್ ಅವರು ೧೮೬೭ರಲ್ಲಿ ಡೈನಮೈಟ್ ರೂಪಿಸಿದರು. ಇಂತಹ ಸಂಯುಕ್ತಗಳಲ್ಲಿ ಉಳಿದ ಆಮ್ಲದ ಲವಲೇಶವೂ ನಿಧಾನವಾದ ವಿಘಟನೆಗೆ ಹಾದಿಮಾಡುತ್ತದೆ. ವಿಘಟನೆಯಿಂದ ಹೊರಬೀಳುವ ಅನಿಲಗಳು ಮತ್ತಷ್ಟು ವಿಘಟನೆಯನ್ನು ಪ್ರಚೋದಿಸುತ್ತವೆ, ಕಾವು ಏರುತ್ತದೆ, ಯಾರೂ ಕಿಡಿ ಹಚ್ಚದಿದ್ದರೂ ಉಗ್ರಾಣವೇ ಸಿಡಿಯುತ್ತದೆ. ತ್ಸ್ವೆತ್ ಅವರು ಜರ್ಮನಿಯಲ್ಲಿ ನಳಿಕೆಗಳನ್ನು ಪ್ರದರ್ಶಿಸಿದ ೧೯೦೭ನೆಯ ವರ್ಷದಲ್ಲಿಯೇ ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಇಯೇನಾ ಎಂಬ ಯುದ್ಧನೌಕೆ ಸಿಡಿದು ನೂರಕ್ಕೂ ಹೆಚ್ಚು ಮಂದಿ ಮಡಿದರು. ೧೯೧೧ರಲ್ಲಿ ಅಲ್ಲಿಯೇ ಲಿಬೆರ್ತೆ ಎಂಬ ನೌಕೆ ಅದೇ ಗತಿಯನ್ನು ಕಂಡಿತು. ಎರಡಕ್ಕೂ ಕಾಲಕ್ರಮದಲ್ಲಿ ಕೆಟ್ಟ ಹೊಗೆರಹಿತ ಮದ್ದೇ ಕಾರಣವೆಂಬ ಅಭಿಪ್ರಾಯವು ಬಲವಾಗಿತ್ತು. ಒಂದು ದೇಶದಲ್ಲಿ ರೋಗವು ಪ್ರಾಣ ತೆಗೆಯುತ್ತಿದ್ದಾಗ ಮತ್ತೊಂದು ದೇಶದಲ್ಲಿ ಅದನ್ನು ಪತ್ತೆಹಚ್ಚುವ ಸಾಧನವು ಅಲಕ್ಷ್ಯಕ್ಕೆ ಒಳಗಾಗಿ ಬಿದ್ದಿತ್ತು.

ಟಿಎನ್‌ಟಿ ಎಂಬ ಸ್ಫೋಟಕದ ಶುದ್ಧಿಯನ್ನು ಹಿಂದೆ ಅದು ಕರಗಿ ಮತ್ತೆ ಹೆಪ್ಪುಗಟ್ಟುವ ಉಷ್ಣತೆಯಿಂದ ಅಳೆಯುತ್ತಿದ್ದರು. ಶುದ್ಧ ಟಿಎನ್‌ಟಿ ಸುಮಾರು ೮೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ. ಬೆರಕೆಯಿದ್ದರೆ ಆ ಅಂಕೆ ಇಳಿಯುತ್ತದೆ. ಬೆರಕೆಯಿದೆಯೆಂಬುದು ಇದರಿಂದ ತಿಳಿದೀತು. ಯಾವ ಬೆರಕೆ, ಎಷ್ಟು ಎಂಬುದು ತಿಳಿಯದು. ಪೂರ್ತಿಯಾಗಿ ನೈಟ್ರೀಕರಣಗೊಳ್ಳದೆ ಉಳಿದ ಡೈನೈಟ್ರೊಟಾಲ್ವೀನ್ ಇರಬಹುದು; ಅದೇ ಪರಮಾಣುಗಳುಳ್ಳ, ಆದರೆ ಜೋಡಣೆ ಬೇರೆಯಾದ ಸೋದರ ಸಂಯುಕ್ತಗಳಿರಬಹುದು. ವರ್ಣಲೇಖನವು ಇವೆಲ್ಲವನ್ನೂ ಒಂದೊಂದಾಗಿ ಎದುರಿಗೆ ನಿಲ್ಲಿಸುತ್ತದೆ. ಆರ್‌ಡಿಎಕ್ಸ್ ತಯಾರಿಸುವ ಒಂದು ವಿಧಾನದಲ್ಲಿ ಎಚ್‌ಎಂಎಕ್ಸ್ ಎಂಬ ಮತ್ತೊಂದು ಸ್ಫೋಟಕವು ತಾನಾಗಿಯೇ ಜೊತೆಯಲ್ಲಿ ಹುಟ್ಟುತ್ತದೆ. ರಚನೆಯಲ್ಲಿ ಅತ್ಯಂತ ಹೋಲುವ ಈ ಎರಡರ ಪ್ರಮಾಣವನ್ನು ತಿಳಿಯಲೂ ಇದೇ ಮಾರ್ಗ. ಹೊಗೆರಹಿತ ಮದ್ದು ಕೆಡದಂತೆ ಬೆರೆಸುವ ಡೈಫಿನೈಲಮೀನ್ ಎಂಬ ಸಂರಕ್ಷಕವು ಹೊರಬೀಳುವ ಅನಿಲಗಳನ್ನು ಹೀರಿಕೊಳ್ಳುತ್ತ ತಾನೇ ಕ್ರಮೇಣ ಸವೆಯುತ್ತದೆ. ಅದು ಎಷ್ಟು ಉಳಿದಿದೆ, ಎಷ್ಟು ಮಾರ್ಪಟ್ಟಿದೆ ಎಂಬುದನ್ನು ವರ್ಣಲೇಖನದಿಂದ ಅಳೆದು, ದಾಸ್ತಾನು ಇನ್ನೆಷ್ಟು ಕಾಲ ನಿರಪಾಯವೆಂದು ನಿರ್ಧರಿಸುತ್ತಾರೆ.

ಈ ಪದಾರ್ಥಗಳಲ್ಲಿ ಹಲವು ಕಾವನ್ನು ಸಹಿಸವು. ಆದುದರಿಂದ ಬಿಸಿ ಅನಿಲದಲ್ಲಿ ಸಾಗಿಸುವುದಕ್ಕಿಂತ ಸಾಮಾನ್ಯ ಉಷ್ಣತೆಯಲ್ಲಿ ನಡೆಯುವ ದ್ರವ ವರ್ಣಲೇಖನವು ಇವಕ್ಕೆ ಹೆಚ್ಚು ಸೂಕ್ತ. ಪರೀಕ್ಷೆಗೆ ಬೇಕಾದುದು ದ್ರಾವಣದ ಒಂದು ಹನಿಗಿಂತಲೂ ಕಡಮೆ. ಆದುದರಿಂದ ಪರೀಕ್ಷಕರಿಗೆ ಅಪಾಯವೂ ಕಡಮೆ. ಬಹುತೇಕ ಬಣ್ಣವಿಲ್ಲದ ಈ ದ್ರವ್ಯಗಳು ನಳಿಕೆಯಿಂದ ಹೊರಬರುವುದನ್ನು ನೇರಳಾತೀತ ಕಿರಣಗಳು ಗುರುತಿಸುತ್ತವೆ. ಅತ್ಯಲ್ಪ ಮೊತ್ತವೆಂಬುದು ತ್ಸ್ವೆತ್ ವಿಧಾನದ ದೋಷವೆಂದು ಒಂದು ಕಾಲದಲ್ಲಿ ಹೇಳಿದ್ದರು. ಸ್ಫೋಟಕಗಳ ಪರೀಕ್ಷೆಯಲ್ಲಿ ಅದೇ ಪರಮ ಗುಣವಾಯಿತು. ಬಣ್ಣವಿಲ್ಲದವಕ್ಕೂ ಈ ನಿಯಮ ಅನ್ವಯಿಸೀತೆಂಬ ಅವರ ಸೂಚನೆಯೂ ನಿಜವಾಯಿತು.

ನಮ್ಮ ನಾಡಿನಲ್ಲಿ

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ೧೯೫೦ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಜೀವರಸಾಯನ ವಿಭಾಗದಲ್ಲಿ ಪ್ರಾಧ್ಯಾಪಕ ಕೆ. ವಿ. ಗಿರಿ ಅವರೂ ಅವರ ಸಹೋದ್ಯೋಗಿಗಳೂ ವೃತ್ತಾಕಾರದ ಕಾಗದ ವರ್ಣಲೇಖನವನ್ನು ಬೆಳೆಸಿದರು. ಸೋಸುಕಾಗದದ ನಡುವೆ ಮಿಶ್ರಣವನ್ನಿರಿಸಿ ದ್ರಾವಕವನ್ನು ಹರಿಸಿದರೆ, ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳಂತೆ, ಒಂದೊಂದು ಪದಾರ್ಥವೂ ಒಂದೊಂದು ಬಳೆಯಾಗಿ ಹರಡುತ್ತದೆ. ದುಬಾರಿ ಉಪಕರಣಗಳಿಲ್ಲದ ಕಾಲದಲ್ಲಿ ಅಗ್ಗದ ಕಾಗದದಿಂದಲೇ ನಡೆದ ಈ ಕಾರ್ಯವು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಗಳ ನಮ್ಮ ಸೀಮೆ ಬಂಡೆಗಲ್ಲಿನ ಸೀಮೆ. ಬಾವಿಯನ್ನು ತೋಡುವಾಗ ಬಂಡೆ ಅಡ್ಡಬಂದರೆ ರಂಧ್ರ ಕೊರೆದು ಮದ್ದು ತುಂಬಿ ಸಿಡಿಸುವುದನ್ನು ಕಾಣದ ಊರು ಇಲ್ಲಿ ಅಪರೂಪ. ಜಿಲೆಟಿನ್ ಕಡ್ಡಿಯೆಂಬ ಹೆಸರು ನೈಟ್ರೊಗ್ಲಿಸರಿನ್ ಕಾಲದಿಂದ ಉಳಿದುಬಂದುದು. ಈಗ ಅದರ ಸ್ಥಾನವನ್ನು ಬಹುಮಟ್ಟಿಗೆ ಅಮೋನಿಯಂ ನೈಟ್ರೇಟಿನ ಮಿಶ್ರಣಗಳು ವಹಿಸಿಕೊಂಡಿವೆ. ಕೆಟ್ಟ ಮದ್ದು ಬಡ ಕೂಲಿಕಾರನ ಪ್ರಾಣಕ್ಕೆ ಎರವಾಗಬಲ್ಲದೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಸ್ಫೋಟ ಸಂಭವಿಸಿದ ಸ್ಥಳದ ಮಣ್ಣಿನಿಂದ ಸ್ಫೋಟಕ ಯಾವುದೆಂದು ಗುರುತಿಸುವ ವಿಧಿವಿಜ್ಞಾನದ ಪ್ರಯೋಗಾಲಯಗಳೂ ತೆಳುಪದರದ ವರ್ಣಲೇಖನವನ್ನು ಬಳಸುತ್ತವೆ.

ನಮ್ಮ ರೈತರ ಮುಖ್ಯ ಬೆಳೆಯಾದ ಕಡಲೆಕಾಯಿಗೂ ಇದರ ಸಂಬಂಧವುಂಟು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿಯನ್ನು ತಿಂದ ಟರ್ಕಿ ಕೋಳಿಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವೇ ಕಾರಣವೆಂದು ಮುಂದೆ ತಿಳಿಯಿತು. ಅದನ್ನು ಬೇರ್ಪಡಿಸಿ ತೋರಿಸಿದುದೂ ವರ್ಣಲೇಖನವೇ. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿಯೂ ಹಸುರಾಗಿಯೂ ಹೊಳೆದ ಚುಕ್ಕೆಗಳಿಂದಲೇ ಆ ವಿಷದ ಬಗೆಗಳಿಗೆ ಹೆಸರು ಬಂದಿತು. ಇಂದಿಗೂ ಕಡಲೆಕಾಯಿಯ ರಫ್ತಿಗೆ ಈ ಪರೀಕ್ಷೆ ಅಗತ್ಯ.

ತಿರುಮಣಿ ಮತ್ತು ನೆರೆಯ ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದಲ್ಲಿ ೨೦೧೮ರಲ್ಲಿ ಉದ್ಘಾಟನೆಗೊಂಡ ಸೌರವಿದ್ಯುತ್ ಉದ್ಯಾನವು ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿದೆ. ಬಿಸಿಲನ್ನು ಹಿಡಿಯುವ ಆ ಫಲಕಗಳನ್ನು ದಿನವೂ ಕಾಣುವ ನಮ್ಮ ಮಕ್ಕಳಿಗೆ, ಅದೇ ಬಿಸಿಲನ್ನು ಯುಗಯುಗಗಳಿಂದ ಹಿಡಿಯುತ್ತ ಬಂದ ಹಸುರೆಲೆಯ ಗುಟ್ಟನ್ನು ಅರಸಿದ ಈ ವಿಜ್ಞಾನಿಯ ಪರಿಚಯವಾಗುವುದು ಉಚಿತವೇ ಆಗಿದೆ.

ಉಪಸಂಹಾರ

ವೊರೊನೆಷ್ ನಗರದ ಮಠವೊಂದರ ಆವರಣದಲ್ಲಿ ಇಂದು ತ್ಸ್ವೆತ್ ಅವರ ಸ್ಮಾರಕಶಿಲೆಯಿದೆ. ಆದರೆ ಅವರ ನಿಜವಾದ ಸ್ಮಾರಕವಿರುವುದು ಜಗತ್ತಿನ ಪ್ರಯೋಗಾಲಯಗಳಲ್ಲಿ. ಅವರ ಬಾಳಿನಿಂದ ನಾವು ಗ್ರಹಿಸಬೇಕಾದ ಸಂಗತಿಗಳು ಮುಖ್ಯವಾಗಿ ಎರಡು. ಹೊರಗಿನ ಹೊಳಪು ಶುದ್ಧಿಯ ಪ್ರಮಾಣವಲ್ಲ. ಬಿಡಿಸಿ ನೋಡಿದ ಮೇಲೆಯೇ ತೀರ್ಪು ನೀಡಬೇಕು. ಹಿರಿಯರು ಒಪ್ಪಲಿಲ್ಲವೆಂಬ ಮಾತ್ರಕ್ಕೆ ಸತ್ಯವು ಸುಳ್ಳಾಗದು. ಆದರೆ ಅದು ಬಳಕೆಗೆ ಬರುವುದು ತಡವಾಗುತ್ತದೆ, ಆ ತಡಕ್ಕೆ ಬೆಲೆ ತೆರುವವರು ಬೇರೆಯವರೇ ಆಗಿರುತ್ತಾರೆ. ತರಗತಿಯಲ್ಲಿ ವಿನೂತನವಾದ ಪ್ರಶ್ನೆಯನ್ನು ಕೇಳುವ ಹುಡುಗನನ್ನೋ ಹುಡುಗಿಯನ್ನೋ ಸುಮ್ಮನಾಗಿಸುವ ಮುನ್ನ ಅಧ್ಯಾಪಕರು ಈ ಮಾತನ್ನು ನೆನೆಯಬೇಕು.

ಈ ಪ್ರಯೋಗಕ್ಕೆ ಸಿರಿವಂತ ಪ್ರಯೋಗಾಲಯವೇ ಬೇಕೆಂದಿಲ್ಲ. ಹೊಂಗೆಯ ಎಲೆಯನ್ನು ಅರೆದು, ಸ್ಪಿರಿಟ್ಟಿನಲ್ಲಿ ಕದಡಿ, ಆ ಹಸುರು ರಸದಲ್ಲಿ ತರಗತಿಯ ಸೀಮೆಸುಣ್ಣದ ಕಡ್ಡಿಯೊಂದನ್ನು ನಿಲ್ಲಿಸಿದರೆ ಸಾಕು. ಸ್ವಲ್ಪ ಹೊತ್ತಿನಲ್ಲಿ ಬಣ್ಣಗಳು ಕಡ್ಡಿಯ ಮೇಲೆ ಏರಿ, ಹಸುರಿನಿಂದ ಹಳದಿ ಅಗಲತೊಡಗುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ದಾನಿಗಳ ಔದಾರ್ಯದಿಂದ ಶಾಲೆಗಳಿಗೆ ಒದಗುವ ಒಂದೊಂದು ಗಾಜಿನ ನಳಿಕೆಯೂ ಇಂತಹ ಬೆರಗಿಗೆ ಬಾಗಿಲಾಗಬಲ್ಲದು. ವಾರ್ಸಾ ನಗರದಲ್ಲಿ ಒಂದು ನೂರು ವರ್ಷಗಳಿಗೂ ಹಿಂದೆ ತೆರೆದ ಆ ಬಾಗಿಲು ಬರದ ನಾಡಿನ ನಮ್ಮ ಮಕ್ಕಳಿಗೂ ತೆರೆದೇ ಇದೆ.